ಗದ್ದಲವಿಲ್ಲದ ಪ್ರೇಮಕಥೆ: ‘ನವಿರು’ ಸರಿಯೋ, ‘ತಂಪು’ ಸರಿಯೋ?

ಗೆಳೆಯರೇ,

ಜಪಾನಿನ ಅನಿಮೆಗಳಲ್ಲಿ (ಅಲ್ಲಿನ ಆನಿಮೇಶನ್ ಸರಣಿ, ಸಿನಿಮಾಗಳಲ್ಲಿ) ನನಗೆ ತುಂಬ ಇಷ್ಟವಾದ ಒಂದು ಬಗೆ ಇದೆ. ಒಬ್ಬ ಹುಡುಗ, ಒಬ್ಬಳು ಹುಡುಗಿ, ಶಾಲೆ, ಮನೆ, ಊರಹಬ್ಬ. ಖಳನಾಯಕ ಇಲ್ಲ, ಅಪಘಾತ ಇಲ್ಲ, ಚೀರಾಟ ಇಲ್ಲ. ಇಬ್ಬರೂ ನಿಧಾನವಾಗಿ ಹತ್ತಿರವಾಗುತ್ತಾರೆ. ಇದಕ್ಕೆ ಕನ್ನಡದಲ್ಲಿ ಒಂದು ಒಳ್ಳೆಯ ಹೆಸರು ಹುಡುಕುತ್ತಿದ್ದೇನೆ.

‘ಸಪ್ಪೆ ಕಥೆ’, ‘ಏನೂ ನಡೆಯದ ಕಥೆ’ ಅನ್ನುವವರಿದ್ದಾರೆ. ಅದು ನನಗೆ ಒಪ್ಪಿಗೆಯಿಲ್ಲ. 2017ರಲ್ಲಿ ಬಂದ ‘ತ್ಸುಕಿ ಗಾ ಕಿರೇ’ ಎಂಬ 12 ಕಂತುಗಳ ಸರಣಿಯನ್ನೇ ನೋಡಿ. ಟೋಕಿಯೋ ಪಕ್ಕದ ಸೈತಾಮಾ ಪ್ರಾಂತ್ಯದ ಕವಾಗೋಯೆಯಲ್ಲಿ ಕಥೆ ನಡೆಯುತ್ತದೆ. ಇಬ್ಬರದೂ ಒಂದೇ ತರಗತಿ. ಅವನಿಗೆ ಕಥೆಗಾರನಾಗುವ ಆಸೆ, ಅವಳು ಓಟಗಾರ್ತಿ. ಎದುರು ಸಿಕ್ಕರೆ ಇಬ್ಬರಿಗೂ ಬಾಯಿ ಕಟ್ಟುತ್ತದೆ. ಆಮೇಲೆ ಫೋನಿನಲ್ಲಿ ಮೆಸೇಜು ಹೋಗುತ್ತದೆ. ಅವನು ಕೋಣೆಯಲ್ಲಿ ಒಬ್ಬನೇ ಇದ್ದಾಗ ದೀಪದಿಂದ ಇಳಿಬಿದ್ದ ಸ್ವಿಚ್ಚಿನ ದಾರಕ್ಕೆ ಬಾಕ್ಸಿಂಗ್ ಗುದ್ದು ಕೊಡುತ್ತಾನೆ. ಅವಳು ದಿಗಿಲಾದಾಗ ಪುಟ್ಟ ಗೆಣಸಿನ ಬೊಂಬೆಯೊಂದನ್ನು ಹಿಸುಕುತ್ತಾಳೆ (ಕವಾಗೋಯೆ ಗೆಣಸಿಗೆ ಹೆಸರಾದ ಊರು). ಮೂರನೇ ಕಂತಿನಲ್ಲಿ ಅವನು ಮನಸ್ಸು ಬಿಚ್ಚಿ ಹೇಳುತ್ತಾನೆ. ಉತ್ತರ ಕೂಡಲೇ ಬರುವುದಿಲ್ಲ.

ಜಪಾನಿನಲ್ಲಿ ಹೀಗೆ ಬಾಯಿಬಿಟ್ಟು ಹೇಳುವುದಕ್ಕೆ ‘ಕೊಕುಹಾಕು’ ಎನ್ನುತ್ತಾರೆ. ಸಾಮಾನ್ಯವಾಗಿ ಹೇಳಿದ ಮೇಲೆ, ಇನ್ನೊಬ್ಬರು ಹೂಂ ಎಂದ ಮೇಲೆಯೇ ಅವರು ಜೋಡಿ. ಹಾಗಾಗಿ ಒಂದು ಮಾತು ಗಂಟಲಿನಿಂದ ಹೊರಬರುವುದೇ ಇಲ್ಲಿ ದೊಡ್ಡ ಘಟನೆ. ಏನೂ ನಡೆಯುವುದಿಲ್ಲ ಎಂದರೆ ಹೇಗೆ?

ಜಪಾನಿ ಭಾಷೆಯಲ್ಲಿ ಇಂಥವಕ್ಕೆ ಹತ್ತಿರದ ಎರಡು ಹೆಸರಿವೆ. ‘ನಿಚಿಜೋಕೇ’, ಅಂದರೆ ದಿನನಿತ್ಯದ ಬದುಕಿನ ಬಗೆ. ‘ಇಯಾಶಿಕೇ’, ಅಂದರೆ ಮನಸ್ಸಿನ ನೋವು ದಣಿವು ವಾಸಿಮಾಡುವ ಬಗೆ. ಎರಡರಲ್ಲೂ ಪ್ರೇಮ ಇರಲೇಬೇಕು ಅಂತೇನಿಲ್ಲ. ಮೊದಲನೆಯದು ಕಥೆಯಲ್ಲಿ ಏನಿದೆ ಎಂದು ಹೇಳುತ್ತದೆ, ಎರಡನೆಯದು ನೋಡಿದವರಿಗೆ ಏನಾಗುತ್ತದೆ ಎಂದು. ನನಗೆ ಬೇಕಿರುವುದು ಎರಡನೆಯ ತರಹದ್ದು.

ಕನ್ನಡಕ್ಕೆ ಬಂದರೆ, ‘ಬದುಕಿನ ತುಣುಕು’ ಇಂಗ್ಲಿಷಿನ ‘ಸ್ಲೈಸ್ ಆಫ್ ಲೈಫ್’ನ ಪಡಿಯಚ್ಚು. ‘ದಿನಚರಿ’ ಎಂದರೆ ಡೈರಿ ನೆನಪಾಗುತ್ತದೆ. ‘ನವಿರಾದ ಪ್ರೇಮಕಥೆ’ ಚೆನ್ನಾಗಿದೆ, ಸಿನಿಮಾ ವಿಮರ್ಶೆಗಳಲ್ಲಿ ಜಾಸ್ತಿ ಬಳಕೆಯಲ್ಲೂ ಇದೆ. ಆದರೆ ‘ನವಿರು’ ಎಂದರೆ ಕೂದಲು ಎಂಬ ಅರ್ಥವೂ ಇದೆ, ಅಲ್ವಾ? ‘ನವಿರೇಳಿಸುವ ಸಾಹಸ’ ಎನ್ನುವಾಗ ಏಳುವುದು ಮೈಯ ಕೂದಲು. ಮೃದು ಎನ್ನುವ ನವಿರು, ಕೂದಲು ಎನ್ನುವ ನವಿರು, ಇವೆರಡೂ ಒಂದೇ ಪದವೋ ಅಥವಾ ಸುಮ್ನೆ ಒಂದೇ ರೂಪಕ್ಕೆ ಬಂದ ಬೇರೆ ಬೇರೆ ಪದಗಳೋ? ಬಲ್ಲವರು ತಿಳಿಸಬೇಕು.

ನನ್ನ ಒಲವು ‘ತಂಪು’ ಕಡೆಗೆ. ‘ಕಣ್ಣಿಗೆ ತಂಪು’, ‘ಮನಸ್ಸು ತಂಪಾಯಿತು’ ಎನ್ನುವಾಗ ಒಳಗಿದ್ದ ಬೇಗೆಯೊಂದು ಇಳಿದ ಅರ್ಥ ಬರುತ್ತದೆ. ಈ ಸರಣಿಗಳು ನನಗೆ ಮಾಡುವುದೂ ಅದನ್ನೇ. ‘ತಣ್ಣಗಿನ ಕಥೆ’ ಎಂದರೆ ಕೆಲಸ ಕೆಡುತ್ತದೆ. ‘ಹೊಟ್ಟೆ ತಣ್ಣಗಿರಲಿ’ ಹರಕೆಯ ಮಾತು ನಿಜ, ಆದರೆ ‘ಚಳವಳಿ ತಣ್ಣಗಾಯಿತು’ ಎಂದರೆ ಕಾವು ಆರಿಹೋಯಿತು ಅಂತ.

‘ತಣ್’ (ತಂಪು) ಸೇರಿದ ಹಳೆಯ ಜೋಡುಪದಗಳು ನಮ್ಮಲ್ಲಿವೆ: ತಂಗಾಳಿ, ಚಂದ್ರನಿಗೆ ತಂಗದಿರ. ಸರಣಿಯ ಹೆಸರಿನ ಅರ್ಥವೂ ‘ಚಂದ್ರ ಚೆಂದವಾಗಿದ್ದಾನೆ’ ಅಂತಲೇ. ನೀಳ್ಗತೆ ಇರುವಂತೆ ‘ತಂಗತೆ’ ಎನ್ನಬಹುದೇ? ನನ್ನ ಕಿವಿಗೆ ಇಂಪಾಗಿದೆ. ಒಂದೇ ಅಳುಕು: ಕೇಳಿದವರಿಗೆ ಮೊದಲು ತಂಗಳನ್ನ ನೆನಪಾದೀತೇ? ನಿಮ್ಮ ಕಡೆ ಹೇಗೆ ಕೇಳಿಸುತ್ತದೆ, ಹೇಳಿ.