ಮನೆಮಂದಿ ಗುಂಪಿನಲ್ಲಿ ಅಂಟಿನ ಜಗಳ

ಸುಮಾ ಚಿಕ್ಕಮ್ಮ (ಬೆಳಿಗ್ಗೆ 7:12): [ಫಾರ್ವರ್ಡ್ ಆದ ವಿಡಿಯೊ: ಯಾವುದೇ ವಸ್ತು, ಯಾವುದೇ ಸ್ಟಿಕ್ಕರ್, 2 ನಿಮಿಷದಲ್ಲಿ ಅಂಟು ಮಾಯ! ನೇಲ್ ಪಾಲಿಶ್ ರಿಮೂವರ್ ಒಂದೇ ಸಾಕು]
ಎಲ್ಲರೂ ತಪ್ಪದೆ ನೋಡಿ. ಹೊಸ ಡಬ್ಬಿ ತಂದಾಗಲೆಲ್ಲ ಕೆರೆದು ಕೆರೆದು ನನ್ನ ಉಗುರು ಸವೆದು ಹೋಗಿತ್ತು. ಇನ್ನು ಆ ಗೋಳು ಮುಗಿಯಿತು.

ಗಿರೀಶ ಮಾವ: ಇದಕ್ಕೂ ಒಂದು ವಿಡಿಯೊ ಬೇಕಾ? ಸೀಮೆಎಣ್ಣೆ ಹಾಕಿ ಒರೆಸಿದರೆ ಆಯಿತು.

ನವೀನಣ್ಣ: ಚಿಕ್ಕಮ್ಮ, ಇದೇ ವಿಡಿಯೊ ನೀವು ಹೋದ ತಿಂಗಳೂ ಹಾಕಿದ್ದಿರಿ. ಆಗ ನಾನು ನಂಬಿದ್ದೆ.
[ಫೋಟೊ: ಗೋಡೆ ಗಡಿಯಾರ]
ಹೊಸ ಗಡಿಯಾರ. ಮುಂದಿನ ಗಾಜಿನ ಮೇಲೆ ಚೀಟಿ ಅಂಟಿಸಿದ್ದರು. ಚೀಟಿ ಕಿತ್ತು ಬಂತು, ಅಂಟು ಉಳಿಯಿತು. ರಿಮೂವರ್ ಹಚ್ಚಿದೆ. ಅಂಟೇನೋ ಹೋಯಿತು. ಅದರ ಜೊತೆ 3 ಗಂಟೆ, 4 ಗಂಟೆ ಎರಡೂ ಹೋದವು.

ಪಲ್ಲವಿ: ಅಯ್ಯೋ, ನಿಜವಾಗಿಯೂ ಕಾಣುತ್ತಿಲ್ಲ. ಮಂಜು ಮುಸುಕಿದ ಹಾಗಿದೆ.

ಸುಮಾ ಚಿಕ್ಕಮ್ಮ: ನೀನು ಜಾಸ್ತಿ ಉಜ್ಜಿರುತ್ತೀಯ ಕಣೋ. ವಿಡಿಯೊದಲ್ಲಿ ಬಾಟಲಿ ಎಷ್ಟು ಚೆನ್ನಾಗಿ ಫಳಫಳ ಅಂದಿತು.

ನವೀನಣ್ಣ: ಉಜ್ಜಲೇ ಇಲ್ಲ. ಹತ್ತಿ ಅದ್ದಿ ಒಂದೇ ಸಲ ಎಳೆದೆ. ಹತ್ತಿಯ ಎಳೆಗಳೇ ಅದಕ್ಕೆ ಅಂಟಿಕೊಂಡವು. ಅಂಟು ತೆಗೆಯಲು ಹೋಗಿ ಹೊಸ ಅಂಟು ಮಾಡಿದ ಹಾಗಾಯಿತು.

ನಾನು: ಅಣ್ಣ, ಅದು ಗಾಜಲ್ಲ. ಪಾರದರ್ಶಕ ಪ್ಲಾಸ್ಟಿಕ್. ಬೆರಳ ಗೆಣ್ಣಿನಿಂದ ತಟ್ಟಿ ನೋಡು, ಸದ್ದಿನಲ್ಲೇ ಗೊತ್ತಾಗುತ್ತದೆ.

ನವೀನಣ್ಣ: ತಟ್ಟಿದೆ. ಡಬ್‌ಡಬ್ ಅನ್ನುತ್ತಿದೆ. ಹೋದ ತಿಂಗಳೇ ಹೇಳಬಾರದಿತ್ತಾ?

ನಾನು: ಹೋದ ತಿಂಗಳು ನಾನು ಗುಂಪನ್ನು ಮ್ಯೂಟ್ ಮಾಡಿದ್ದೆ.
ಚಿಕ್ಕಮ್ಮ, ವಿಡಿಯೊ ಸುಳ್ಳಲ್ಲ. ಅವರು ತೋರಿಸಿದ್ದು ಗಾಜಿನ ಬಾಟಲಿ. ರಿಮೂವರ್‌ನಲ್ಲಿ ಇರುವುದು ಸಾಮಾನ್ಯವಾಗಿ ಅಸಿಟೋನ್. ಅದು ಗಾಜಿಗೆ ಏನೂ ಮಾಡುವುದಿಲ್ಲ. ಆದರೆ ಅಕ್ರಿಲಿಕ್, ಪಾಲಿಸ್ಟೈರೀನ್, ಟಿವಿ ಮತ್ತು ಕೀಬೋರ್ಡ್‌ಗಳ ಹೊರಕವಚದ ಎಬಿಎಸ್ ಪ್ಲಾಸ್ಟಿಕ್ ಇವನ್ನೆಲ್ಲ ಕರಗಿಸಿಬಿಡುತ್ತದೆ. ಹತ್ತಿ ಅಂಟಿಕೊಂಡಿತು ಅಂದೆಯಲ್ಲ, ಅದು ಗಡಿಯಾರದ ಮುಚ್ಚಳವೇ ಮೆತ್ತಗಾಗಿದ್ದು. ವಿಡಿಯೊದಲ್ಲಿ ತಪ್ಪು ಒಂದೇ ಮಾತು, 'ಯಾವುದೇ ವಸ್ತು' ಅಂತ ಬರೆದಿದ್ದು.

ಸುಮಾ ಚಿಕ್ಕಮ್ಮ: ನಾನು ಮೊನ್ನೆ ಪ್ಲಾಸ್ಟಿಕ್ ಡಬ್ಬಿಗೇ ಹಚ್ಚಿದೆ. ಏನೂ ಆಗಲಿಲ್ಲ. ಆಣೆ ಮಾಡಿ ಹೇಳುತ್ತೇನೆ.

ನಾನು: ಅದರ ತಳ ನೋಡಿ. ತ್ರಿಕೋನದೊಳಗೆ ಒಂದು ಅಂಕಿ ಇರುತ್ತದೆ.

ಸುಮಾ ಚಿಕ್ಕಮ್ಮ: 5 ಅಂತ ಇದೆ.

ನಾನು: ಅಷ್ಟೇ. 5 ಅಂದರೆ ಪಾಲಿಪ್ರೊಪಿಲೀನ್. 2 ಮತ್ತು 4 ಪಾಲಿಎಥಿಲೀನ್. ಇವು ಒರೆಸುವಷ್ಟು ಅಸಿಟೋನ್‌ಗೆ ಜಗ್ಗುವುದಿಲ್ಲ. 6 ಇದ್ದರೆ ಪಾಲಿಸ್ಟೈರೀನ್, ಹತ್ತಿರವೂ ಒಯ್ಯಬೇಡಿ. 7 ಅಂದರೆ 'ಇತರೆ', ಅದರಲ್ಲಿ ಏನು ಬೇಕಾದರೂ ಇರಬಹುದು. ಅಂಕಿಯೇ ಇಲ್ಲದಿದ್ದರೆ ಅದನ್ನೂ 6 ಅಂದುಕೊಳ್ಳಿ.

ಪಲ್ಲವಿ: ನಾವೆಲ್ಲ ಡಬ್ಬಿ ತಲೆಕೆಳಗು ಮಾಡಿಕೊಂಡು ಕೂತಿದ್ದೇವೆ ಈಗ.

ದೊಡ್ಡಪ್ಪ (8:05): ಇಷ್ಟೆಲ್ಲ ರಸಾಯನಶಾಸ್ತ್ರ ಬೇಡ. ಕೊಬ್ಬರಿ ಎಣ್ಣೆ ಹಚ್ಚಿ. ಸ್ನಾನಕ್ಕೆ ಹೋಗಿ. ಬಂದು ಒರೆಸಿ.

ಗಿರೀಶ ಮಾವ: ಭಾವ, ಎಣ್ಣೆ ಹಚ್ಚಿದರೆ ಜಿಗುಟು ಇದ್ದ ಜಾಗದಲ್ಲಿ ಜಿಡ್ಡು ಬರುತ್ತದೆ. ವ್ಯತ್ಯಾಸ ಏನು?

ದೊಡ್ಡಪ್ಪ: ಜಿಡ್ಡಿಗೆ ಪಾತ್ರೆ ಸೋಪು ಇದೆ. ನಿನ್ನ ಸೀಮೆಎಣ್ಣೆ ವಾಸನೆಗೆ ಏನಿದೆ?

ಗಿರೀಶ ಮಾವ: ಎರಡು ದಿನ ಗಾಳಿಗಿಟ್ಟರೆ ಹೋಗುತ್ತದೆ.

ದೊಡ್ಡಪ್ಪ: ಎರಡು ದಿನ ಕಾಯುವವನು ಎಣ್ಣೆಗೆ 20 ನಿಮಿಷ ಕಾಯಲಾರೆಯಾ?

ನವೀನಣ್ಣ: ದೊಡ್ಡಪ್ಪಂಗೆ ಒಂದು ಪಾಯಿಂಟ್.

ನಾನು: ಮಾವ, ಸೀಮೆಎಣ್ಣೆ ಕೆಲಸ ಮಾಡುತ್ತದೆ, ಇಲ್ಲ ಅನ್ನುವುದಿಲ್ಲ. ಎಣ್ಣೆಗಿಂತ ಬೇಗ. ಆದರೆ ಒಲೆ ಹತ್ತಿರ, ಊಟದ ಪಾತ್ರೆಗೆ ಅದು ಬೇಡ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯುವುದೂ ಬೇಡ.

ಗಿರೀಶ ಮಾವ: ಹೊಟ್ಟೆಗೆ ಹಾಕು ಅಂತ ನಾನು ಹೇಳಿದೆನಾ? ಕಿಟಕಿ ಗಾಜಿಗೆ ಹೇಳಿದ್ದು. ಪೇಂಟ್ ಮಾಡಿಸಿದಾಗ ಹಾಕಿದ್ದ ಮಾಸ್ಕಿಂಗ್ ಟೇಪನ್ನು ತೆಗೆಯಲು ಮರೆತೆ. ಆರು ತಿಂಗಳು ಬಿಸಿಲು ತಿಂದು ಬಿಸ್ಕತ್ತಿನ ಹಾಗೆ ಪುಡಿಪುಡಿ. ಅದಕ್ಕೆ ಭಾವನ ಕೊಬ್ಬರಿ ಎಣ್ಣೆ ಹಚ್ಚಿದ್ದರೆ ನಾನು ಇನ್ನೂ ಸ್ನಾನದ ಮನೆಯಲ್ಲೇ ಇರುತ್ತಿದ್ದೆ.

ನಾನು: ಅದು ಸರಿ. ಬಿಸಿಲಿಗೆ ಒಣಗಿ ಗಟ್ಟಿಯಾದ ಅಂಟಿಗೆ ಎಣ್ಣೆ ಬೇಗ ಇಳಿಯುವುದಿಲ್ಲ. ಆ ಟೇಪನ್ನು ಪೇಂಟ್ ಆದ ಒಂದೆರಡು ದಿನದಲ್ಲೇ ತೆಗೆಯಬೇಕಿತ್ತು. ಗಾಜಿನ ಮೇಲಾದರೆ ಸೋಪು ನೀರು ಹಚ್ಚಿ, ಹೊಸ ಬ್ಲೇಡನ್ನು ಮಲಗಿಸಿದ ಹಾಗೆ ಹಿಡಿದು, ಒಂದೇ ದಿಕ್ಕಿಗೆ ತಳ್ಳಬಹುದು. ಟಫನ್ ಮಾಡಿದ ಗಾಜಿಗೆ ಬ್ಲೇಡ್ ಬೇಡ, ಗೀರು ಬೀಳುವುದುಂಟು.

ಸುಮಾ ಚಿಕ್ಕಮ್ಮ: [ಈ ಮೆಸೇಜ್ ಡಿಲೀಟ್ ಮಾಡಲಾಗಿದೆ]

ಪಲ್ಲವಿ: ಅಮ್ಮ ಇನ್ನೊಂದು ಫಾರ್ವರ್ಡ್ ಹಾಕಿದಳು. ಎರಡನೇ ಭಾಗ. 'ಇಷ್ಟಕ್ಕೂ ಹೋಗದಿದ್ದರೆ ರಿಮೂವರ್‌ಗೆ ಸ್ವಲ್ಪ ಬ್ಲೀಚ್ ಬೆರೆಸಿ' ಅಂತ. ನಾನೇ ಪಕ್ಕದಲ್ಲಿ ಕೂತು ಡಿಲೀಟ್ ಮಾಡಿಸಿದೆ.

ನಾನು: ಒಳ್ಳೆಯದು ಮಾಡಿದೆ ಪಲ್ಲವಿ. ಇದೊಂದನ್ನು ತಮಾಷೆ ಮಾಡದೆ ಹೇಳುತ್ತೇನೆ. ಅಸಿಟೋನ್ ಮತ್ತು ಬ್ಲೀಚ್ ಸೇರಿದರೆ ಕ್ಲೋರೋಫಾರ್ಮ್ ಆಗುತ್ತದೆ. ಬ್ಲೀಚಿಗೆ ವಿನಿಗರ್ ಸೇರಿದರೆ ಕ್ಲೋರಿನ್ ಗಾಳಿ ಏಳುತ್ತದೆ, ಉಸಿರೇ ಕಟ್ಟುತ್ತದೆ. ಬ್ಲೀಚ್ ಅಂಟನ್ನು ಕರಗಿಸುವುದೂ ಇಲ್ಲ. ಯಾರಿಗಾದರೂ ಆ ಎರಡನೇ ಭಾಗ ಕಳಿಸಿದ್ದರೆ ಈಗಲೇ ಹಿಂದಕ್ಕೆ ತೆಗೆಯಿರಿ ಚಿಕ್ಕಮ್ಮ.

ಸುಮಾ ಚಿಕ್ಕಮ್ಮ: ಯೋಗ ಕ್ಲಾಸ್ ಗುಂಪಿಗೆ ಹಾಕಿದ್ದೆ. ತೆಗೆದೆ. ಇಬ್ಬರು ಆಗಲೇ ಹೂವಿನ ಗುಚ್ಛ ಕಳಿಸಿದ್ದರು. ಅವರಿಗೆ ಫೋನ್ ಮಾಡುತ್ತೇನೆ.

ಪಲ್ಲವಿ (9:30): ಸರಿ, ಜಗಳ ಸಾಕು. ನಾನು ಪರೀಕ್ಷೆ ಮಾಡುತ್ತಿದ್ದೇನೆ. ಒಂದೇ ಗಾಜಿನ ಬಾಟಲಿ, ಒಂದೇ ಅಂಟು. ಮೇಲಿನ ಕಾಗದ ಕಿತ್ತು ಮೂರು ಪಟ್ಟಿ ಮಾಡಿದ್ದೇನೆ. ಒಂದಕ್ಕೆ ಕೊಬ್ಬರಿ ಎಣ್ಣೆ, ಒಂದಕ್ಕೆ ಸ್ಯಾನಿಟೈಸರ್, ಒಂದಕ್ಕೆ ವಿನಿಗರ್.

ಗಿರೀಶ ಮಾವ: ಸೀಮೆಎಣ್ಣೆ ಎಲ್ಲಿ?

ಪಲ್ಲವಿ: ಮನೆಯಲ್ಲಿಲ್ಲ ಮಾವ. ಇದ್ದರೂ ಅಮ್ಮ ಬಿಡುವುದಿಲ್ಲ.

ದೊಡ್ಡಪ್ಪ: ಕಾಗದ ಪೂರ್ತಿ ತೆಗೆದೆ ತಾನೆ? ಮೇಲೆ ಪ್ಲಾಸ್ಟಿಕ್ ಪದರ ಇದ್ದರೆ ಎಣ್ಣೆ ಒಳಗೆ ಇಳಿಯುವುದಿಲ್ಲ. ಹೆಚ್ಚಿನವರು ಅಲ್ಲೇ ಎಡವುವುದು. ಹಚ್ಚಿದ್ದೇ ಹಚ್ಚಿದ್ದು, ಆಮೇಲೆ ಎಣ್ಣೆಯನ್ನು ಬೈಯುವುದು.

ಪಲ್ಲವಿ: ತೆಗೆದಿದ್ದೇನೆ. ಈಗ ಬೆರಳಿಟ್ಟರೆ ಚಟ್ ಅಂತ ಎಳೆಯುತ್ತದೆ. ಇದು ಯಾಕೆ ಒಣಗುವುದೇ ಇಲ್ಲ? ಶಾಲೆಯ ಗೋಂದು ಒಣಗುತ್ತಿತ್ತಲ್ಲ.

ನಾನು: ಇದು ಒಣಗುವ ಜಾತಿಯ ಅಂಟೇ ಅಲ್ಲ. ಗೋಂದಿನಲ್ಲಿ ನೀರಿರುತ್ತದೆ, ನೀರು ಆರಿದಾಗ ಹಿಡಿಯುತ್ತದೆ. ಸ್ಟಿಕ್ಕರಿನದು ಒತ್ತಿದರೆ ಹಿಡಿಯುವ ಅಂಟು. ಗಟ್ಟಿಯಂತೆ ಕಂಡರೂ ತುಂಬಾ ಮಂದವಾದ ದ್ರವದ ಹಾಗೆ ನಿಧಾನಕ್ಕೆ ಹರಿಯುತ್ತಲೇ ಇರುತ್ತದೆ. ದಿನ ಕಳೆದ ಹಾಗೆ ಮೇಲ್ಮೈಯ ಸಣ್ಣ ಸಣ್ಣ ಗುಂಡಿಗಳಿಗೆ ಇಳಿಯುತ್ತದೆ. ಅದಕ್ಕೇ ಇವತ್ತಿನ ಸ್ಟಿಕ್ಕರ್ ಸಲೀಸಾಗಿ ಬರುತ್ತದೆ, ಹೋದ ವರ್ಷದ್ದು ಬರುವುದಿಲ್ಲ.

ನವೀನಣ್ಣ: ಹಾಗಾದರೆ ಆಫೀಸಿನ ಹಳದಿ ಚೀಟಿ? ಅದು ಗುರುತೇ ಬಿಡುವುದಿಲ್ಲ.

ನಾನು: ಪೋಸ್ಟ್-ಇಟ್. ಅದರ ಕಥೆ ಬೇರೆ. 1968ರಲ್ಲಿ 3ಎಂ ಕಂಪನಿಯ ಸ್ಪೆನ್ಸರ್ ಸಿಲ್ವರ್ ಜೋರಾದ ಅಂಟು ಹುಡುಕುತ್ತಿದ್ದಾಗ ಸಿಕ್ಕಿದ್ದು ಈ ಸೊರಗಿದ ಅಂಟು. ಅದರಲ್ಲಿ ಅತಿಸಣ್ಣ ಗೋಲಿಗಳು. ಗೋಲಿಯ ತುದಿ ಮಾತ್ರ ತಾಗುತ್ತದೆ, ಪೂರ್ತಿ ಹರಡಿಕೊಳ್ಳುವುದಿಲ್ಲ. ಏನು ಮಾಡಬೇಕು ಅಂತ ತಿಳಿಯದೆ ವರ್ಷಗಟ್ಟಲೆ ಇಟ್ಟುಕೊಂಡಿದ್ದರು. ಚೀಟಿ ಅಮೆರಿಕದಾದ್ಯಂತ ಮಾರಾಟಕ್ಕೆ ಬಂದಿದ್ದು 1980ರಲ್ಲಿ.

ಗಿರೀಶ ಮಾವ: ಡಬ್ಬಿಗಳ ಮೇಲೂ ಅದನ್ನೇ ಹಾಕಬಾರದಾ ಇವರು?

ನವೀನಣ್ಣ: ಆಗ ಚೀಟಿ ಎಲ್ಲ ದಾರಿಯಲ್ಲೇ ಉದುರುತ್ತದೆ ಮಾವ.

ಪಲ್ಲವಿ (9:55): ಫಲಿತಾಂಶ.
ವಿನಿಗರ್ ಪಟ್ಟಿ: ಅಂಟು ಬೆಳ್ಳಗಾಯಿತು, ಹಾಗೇ ಕೂತಿದೆ. ಅಡುಗೆಮನೆ ತುಂಬ ಹುಳಿ ವಾಸನೆ.
ಸ್ಯಾನಿಟೈಸರ್: ಅರ್ಧ ಹೋಯಿತು. ಬೇಗ ಆರಿಹೋಗುತ್ತದೆ, ಅದೇ ತೊಂದರೆ. ಅದರಲ್ಲಿ ಅದ್ದಿದ ಹತ್ತಿಯನ್ನು ಐದು ನಿಮಿಷ ಮೇಲೆ ಇಟ್ಟ ಮೇಲೆ ಉಳಿದದ್ದೂ ಬಂತು.
ಎಣ್ಣೆ: 20 ನಿಮಿಷಕ್ಕೆ ಅಂಟು ಮೆತ್ತಗಾಗಿ ಉಬ್ಬಿತು. ಹೆಬ್ಬೆರಳಲ್ಲಿ ತಳ್ಳಿದರೆ ದಾರದ ಎಳೆಗಳ ಹಾಗೆ ಸುರುಳಿ ಸುರುಳಿಯಾಗಿ ಬರುತ್ತದೆ. ಎಳೆ ಬೂದು ಬಣ್ಣ, ಧೂಳೆಲ್ಲ ಸೇರಿ. ಹಳೆ ಎಟಿಎಂ ಕಾರ್ಡಿನ ಅಂಚಿನಿಂದ ತಳ್ಳಿದೆ, ಗೀರು ಬೀಳಲಿಲ್ಲ. ಸೋಪು ಹಾಕಿ ತೊಳೆದ ಮೇಲೆ ಬೆರಳು ಕೀಚ್ ಅನ್ನುತ್ತಿದೆ.

ದೊಡ್ಡಪ್ಪ: ನಾನೇನೂ ಹೇಳುವುದಿಲ್ಲ.

ಗಿರೀಶ ಮಾವ: ಒಂದು ಬಾಟಲಿ ನೋಡಿ ತೀರ್ಪು ಕೊಡಬೇಡಿ. ಪುಸ್ತಕದ ರಟ್ಟಿನ ಮೇಲೆ ಎಣ್ಣೆ ಹಚ್ಚಿ ತೋರಿಸಲಿ ಭಾವ.

ನಾನು: ಮಾವ ಹೇಳಿದ್ದು ನಿಜ. ಕಾಗದ, ರಟ್ಟು, ಪಾಲಿಶ್ ಇಲ್ಲದ ಮರ, ಬಟ್ಟೆ ಇವುಗಳ ಮೇಲೆ ಎಣ್ಣೆ ಬಿದ್ದರೆ ಅಂಟಿಗಿಂತ ದೊಡ್ಡ ಕಲೆ. ಅಲ್ಲಿ ಹೇರ್ ಡ್ರೈಯರ್ ಬಿಸಿಯೇ ವಾಸಿ. ಬಟ್ಟೆಗೆ ಚ್ಯೂಯಿಂಗ್ ಗಮ್ ಹಿಡಿದಿದ್ದರೆ ಬಿಸಿ ಅಲ್ಲ, ಫ್ರೀಜರ್. ತಣ್ಣಗಾದರೆ ಗಡುಸಾಗಿ ಚಕ್ಕೆ ಚಕ್ಕೆಯಾಗಿ ಏಳುತ್ತದೆ. ವಿನಿಗರನ್ನು ಅಮೃತಶಿಲೆ ನೆಲದ ಮೇಲೆ ಯಾರೂ ಹಾಕಬೇಡಿ, ಹೊಳಪು ತಿಂದುಬಿಡುತ್ತದೆ.

ದೊಡ್ಡಪ್ಪ: ಸ್ಟೀಲ್ ಪಾತ್ರೆಗಾದರೆ ಎಣ್ಣೆಯೂ ಬೇಡ ಅಂತ ನಾನೇ ಒಪ್ಪುತ್ತೇನೆ. ಒಳಗೆ ಕುದಿಯುವ ನೀರು ಹಾಕಿ, ಒಂದೆರಡು ನಿಮಿಷ ಬಿಟ್ಟು, ಮೂಲೆಯಿಂದ ನಿಧಾನ ಎಳೆದರೆ ಚೀಟಿ ಅಂಟಿನ ಸಮೇತ ಬರುತ್ತದೆ. ಗಾಜಿನ ಲೋಟಕ್ಕೆ ಹಾಗೆ ಮಾಡಲು ಹೋಗಬೇಡಿ, ಸೀಳುತ್ತದೆ.

ನವೀನಣ್ಣ: ನನ್ನ ಗಡಿಯಾರದ ಗತಿ?

ನಾನು: ಮಂಜು ಮೇಲ್ಮೇಲೆ ಇದ್ದರೆ ಟೂತ್‌ಪೇಸ್ಟ್ ಹಾಕಿ ಮೆತ್ತನೆ ಬಟ್ಟೆಯಲ್ಲಿ ಉಜ್ಜಿ ನೋಡು, ಸ್ವಲ್ಪ ತಿಳಿಯಾಗಬಹುದು. ಒಳಕ್ಕೆ ಇಳಿದಿದ್ದರೆ ಆಗುವುದಿಲ್ಲ. ಅದು ಕೊಳೆಯಲ್ಲ, ಕರಗಿದ ಜಾಗ.

ಸುಮಾ ಚಿಕ್ಕಮ್ಮ (10:20): ಎಲ್ಲರೂ ಸೇರಿ ನನ್ನ ವಿಡಿಯೊಗೆ ಬೈದಿದ್ದಾಯಿತಲ್ಲ. ಈಗ ನನಗೆ ಉಪಕಾರ ಮಾಡಿ. ಮರದ ಬೀರು ಬಾಗಿಲ ಮೇಲೆ ಒಂದು ನಕ್ಷತ್ರದ ಸ್ಟಿಕ್ಕರ್ ಇದೆ. ಹತ್ತು ವರ್ಷ ಆಗಿರಬೇಕು. ಪಾಲಿಶ್ ಇದೆ. ಏನು ಹಚ್ಚಲಿ?

ಗಿರೀಶ ಮಾವ: ಥಿನ್ನರ್.

ನಾನು: ಬೇಡ ಬೇಡ. ಪಾಲಿಶ್ ಎದ್ದು ಬರುತ್ತದೆ. ಸ್ಯಾನಿಟೈಸರ್ ಕೂಡ ಬೇಡ, ಕೆಲವು ಪಾಲಿಶ್ ಬೆಳ್ಳಗಾಗುತ್ತವೆ. ಹೇರ್ ಡ್ರೈಯರನ್ನು ಒಂದು ಗೇಣು ದೂರ ಹಿಡಿದು ಆಡಿಸುತ್ತಾ ಬಿಸಿ ಮಾಡಿ. ಒಂದೇ ಕಡೆ ನಿಲ್ಲಿಸಬೇಡಿ. ಮೂಲೆ ಎದ್ದ ಮೇಲೆ ಬಾಗಿಲಿಗೆ ಒರಗಿದ ಹಾಗೆ ನಿಧಾನ ಎಳೆಯಿರಿ, ನಿಮ್ಮ ಕಡೆಗೆ ಜಗ್ಗಬೇಡಿ. ಉಳಿದ ಅಂಟಿಗೆ ಎರಡು ಹನಿ ಎಣ್ಣೆ. ಎಣ್ಣೆಯನ್ನು ಮೊದಲು ಬಾಗಿಲ ಒಳಮೂಲೆಯಲ್ಲಿ ಹಚ್ಚಿ ನೋಡಿ.

ಸುಮಾ ಚಿಕ್ಕಮ್ಮ (11:05): [ಫೋಟೊ: ಬೀರುವಿನ ಬಾಗಿಲು]
ಪೂರ್ತಿ ಬಂತು. ಅಂಟೂ ಹೋಯಿತು, ಕೈಗೆ ನುಣ್ಣಗಿದೆ. ಆದರೆ ನಕ್ಷತ್ರ ಹೋಗಲೇ ಇಲ್ಲ!

ಪಲ್ಲವಿ: ಹಾಗಂದರೆ?

ಸುಮಾ ಚಿಕ್ಕಮ್ಮ: ನಕ್ಷತ್ರದ ಆಕಾರದಲ್ಲಿ ಮರ ಕಡುಬಣ್ಣ ಇದೆ. ಸುತ್ತಲೂ ಬಿಳುಚಿಕೊಂಡಿದೆ. ಎಷ್ಟು ಒರೆಸಿದರೂ ಹಾಗೇ.

ನಾನು: ಅದು ಅಂಟಲ್ಲ ಚಿಕ್ಕಮ್ಮ. ಇಷ್ಟು ವರ್ಷ ಬೆಳಕು ಬಿದ್ದು ಬಾಗಿಲು ಬಣ್ಣ ಕಳೆದುಕೊಂಡಿದೆ. ಸ್ಟಿಕ್ಕರ್ ಅಡಿಯ ಮರ ಮಾತ್ರ ಮೊದಲಿನ ಹಾಗೇ ಇದೆ. ಅದನ್ನು ಏನು ಹಚ್ಚಿದರೂ ತೆಗೆಯಲಾಗದು.

ಗಿರೀಶ ಮಾವ: ಒಂದು ಸಲ ಸೀಮೆ

ದೊಡ್ಡಪ್ಪ: ಗಿರೀಶ, ಬೇಡ.

ಪಲ್ಲವಿ: ಅದನ್ನು ಅಂಟಿಸಿದ್ದು ನಾನು. ಮೂರನೇ ಕ್ಲಾಸಿನಲ್ಲಿ, ಲೆಕ್ಕದಲ್ಲಿ ಪೂರ್ತಿ ಅಂಕ ಬಂದಿತ್ತು ಅಂತ.

ಸುಮಾ ಚಿಕ್ಕಮ್ಮ: ಅದೇ ಅಳತೆಯ ಇನ್ನೊಂದು ಸ್ಟಿಕ್ಕರ್ ಇದ್ದರೆ ತೆಗೆದುಕೊಂಡು ಬಾ. ಮೇಲೆ ಅಂಟಿಸಿಬಿಡೋಣ.