ಕಾಡಿಗೆ ಬಿಟ್ಟರೂ ಬಿಡದ ರೆಪ್ಪೆಯ ತುರಿಕೆ: ಇನ್ನು ಯಾವುದನ್ನು ಅನುಮಾನಿಸಬೇಕು?

ತುಂಗಾತೀರ (ಪ್ರಶ್ನೆ)

ನಾನು ಶಿವಮೊಗ್ಗದಲ್ಲಿ ಪ್ರೌಢಶಾಲಾ ಶಿಕ್ಷಕಿ, ವಯಸ್ಸು 42. ಐದು ತಿಂಗಳಿನಿಂದ ಎರಡೂ ಕಣ್ಣುಗಳ ಮೇಲ್ರೆಪ್ಪೆ ತುರಿಸುತ್ತಿದೆ. ಬೆಳಗ್ಗೆ ಏಳುವಾಗ ಊದಿಕೊಂಡಿರುವ ರೆಪ್ಪೆಯ ಚರ್ಮ ಮಧ್ಯಾಹ್ನದ ಹೊತ್ತಿಗೆ ಒಣಗಿ, ತಲೆಹೊಟ್ಟಿನ ಹಾಗೆ ಸಣ್ಣಗೆ ಉದುರುತ್ತದೆ. ಕಣ್ಣಿನ ಬಿಳಿಭಾಗ ಅಷ್ಟೇನೂ ಕೆಂಪಾಗುವುದಿಲ್ಲ, ಓದುವುದಕ್ಕೂ ತೊಂದರೆಯಿಲ್ಲ. ಮೊದಲು ಕಾಡಿಗೆಯನ್ನೇ ಅನುಮಾನಿಸಿ ಆರು ವಾರ ಮುಟ್ಟದೆ ಇದ್ದೆ. ಅದರಿಂದ ಏನೂ ಪ್ರಯೋಜನವಾಗಲಿಲ್ಲ. ಸೋಪು ಬದಲಿಸಿದೆ, ಶಾಂಪೂ ಬಿಟ್ಟು ಸೀಗೇಪುಡಿಗೆ ಮರಳಿದೆ, ದೇವರ ಮನೆಯಲ್ಲಿ ಊದುಬತ್ತಿ ಹಚ್ಚುವುದನ್ನೂ ನಿಲ್ಲಿಸಿದೆ. ಔಷಧಿ ಅಂಗಡಿಯವರು ಕೊಟ್ಟ ಡ್ರಾಪ್ಸ್ ಹಾಕಿದ ಮೊದಲ ವಾರ ಹಾಯೆನಿಸಿತ್ತಾದರೂ ಬಿಟ್ಟ ಮರುದಿನವೇ ತುರಿಕೆ ಮರಳಿತು. ಈಗ ಕಣ್ಣಿನ ಸುತ್ತ ಏನನ್ನೂ ಹಚ್ಚುತ್ತಿಲ್ಲ. ನೀರು ಬಂದಾಗ ಮಾತ್ರ, ಅಕ್ಕನ ಮೊಮ್ಮಗುವಿಗೆಂದು ತಂದ ಮೆತ್ತನೆಯ ವೆಟ್ ವೈಪ್ಸ್‌ನಿಂದ ಒರೆಸಿಕೊಳ್ಳುತ್ತೇನೆ. ಕಣ್ಣಿಗೆ ಏನೂ ತಾಗದಿದ್ದರೂ ಅಲರ್ಜಿ ಮುಂದುವರಿಯಲು ಸಾಧ್ಯವೇ? ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.

ಹಳೇಪೇಟೆ

ನಮ್ಮ ಮನೆಯಲ್ಲಿ ಕಣ್ಣುರಿಗೆ ನಂದಿಬಟ್ಟಲ ಹೂವನ್ನು ತಣ್ಣೀರಿನಲ್ಲಿ ಅದ್ದಿ ಮುಚ್ಚಿದ ರೆಪ್ಪೆಗಳ ಮೇಲೆ ಇಟ್ಟುಕೊಳ್ಳುವ ರೂಢಿಯಿದೆ. ತಾಯಿಯವರು ಎರಡು ಹನಿ ಗುಲಾಬಿ ಜಲವನ್ನೂ ಕಣ್ಣಿಗೆ ಬಿಡುತ್ತಿದ್ದರು. ಒಮ್ಮೆ ಪ್ರಯತ್ನಿಸಿ ನೋಡಬಹುದು.

ಕಣ್ಣಳತೆ

ನಾನು ಹುಬ್ಬಳ್ಳಿಯಲ್ಲಿ ದೃಷ್ಟಿ ಪರೀಕ್ಷಿಸುವ ಆಪ್ಟೊಮೆಟ್ರಿಸ್ಟ್ ಆಗಿ ಕೆಲಸ ಮಾಡುತ್ತಿದ್ದೇನೆ, ವೈದ್ಯನಲ್ಲ. ಆದ್ದರಿಂದ ಇದನ್ನು ಚಿಕಿತ್ಸೆಯ ಸಲಹೆಯೆಂದು ತೆಗೆದುಕೊಳ್ಳಬಾರದು. ಹಳೇಪೇಟೆಯವರ ಮೊದಲ ಉಪಾಯದಲ್ಲಿ ಉಪಶಮನ ನೀಡುವುದು ಮುಖ್ಯವಾಗಿ ತಂಪು. ಶುಭ್ರವಾದ ಬಟ್ಟೆಯನ್ನು ತಣ್ಣೀರಿನಲ್ಲಿ ಅದ್ದಿ ಇಟ್ಟುಕೊಂಡರೂ ಅದೇ ಹಿತ ಸಿಗುತ್ತದೆ. ಆದರೆ ಅಂಗಡಿಯ ಗುಲಾಬಿ ಜಲ ಕಣ್ಣಿಗೆ ಬಿಡಲೆಂದು ಕ್ರಿಮಿರಹಿತವಾಗಿ ತಯಾರಾದದ್ದಲ್ಲ, ಅದರಲ್ಲಿ ಸುಗಂಧವೂ, ಕೆಡದಂತೆ ಸೇರಿಸುವ ಸಂರಕ್ಷಕವೂ ಇರಬಹುದು. ಆ ಹನಿಗಳನ್ನು ದಯವಿಟ್ಟು ಕಣ್ಣಿಗೆ ಹಾಕಬೇಡಿ.

ತುಂಗಾತೀರ ಅವರೇ, ನಿಮ್ಮ ವಿವರಣೆಯಲ್ಲಿ ಗಮನಿಸಬೇಕಾದದ್ದು, ಬಿಳಿಭಾಗ ಕೆಂಪಾಗದೆ ರೆಪ್ಪೆಯ ಚರ್ಮವಷ್ಟೇ ಒಣಗಿ ಉದುರುತ್ತಿರುವುದು. ಧೂಳು, ಪರಾಗಗಳಿಂದ ಬರುವ ಕಣ್ಣಿನ ಅಲರ್ಜಿಯಲ್ಲಿ ದೇಹದಲ್ಲಿ ಹಿಸ್ಟಮಿನ್ ಎಂಬ ರಾಸಾಯನಿಕ ಬಿಡುಗಡೆಯಾಗಿ ನಿಮಿಷಗಳಲ್ಲೇ ಕಣ್ಣು ಕೆಂಪಾಗುತ್ತದೆ, ನೀರು ಸುರಿಯುತ್ತದೆ, ಸಾಮಾನ್ಯವಾಗಿ ಜೊತೆಗೆ ಸೀನೂ ಇರುತ್ತದೆ. ರೆಪ್ಪೆಯ ಚರ್ಮಕ್ಕೆ ತಗಲುವ ಸಂಪರ್ಕ ಅಲರ್ಜಿಯ ರೀತಿಯೇ ಬೇರೆ. ವಸ್ತು ತಾಗಿದ ಒಂದರಿಂದ ಮೂರು ದಿನಗಳ ಬಳಿಕ ಅದು ಕಾಣಿಸಿಕೊಳ್ಳುವುದರಿಂದ, ಇಂದಿನ ತುರಿಕೆಗೆ ಮೊನ್ನೆಯ ವಸ್ತು ಕಾರಣವಾಗಿದ್ದರೂ ನಾವು ಇಂದು ಹಚ್ಚಿದ್ದನ್ನೇ ದೂರುತ್ತೇವೆ. ಇವೆರಡೂ ಅಲ್ಲದ ಇನ್ನೊಂದಿದೆ: ಎಣ್ಣೆಸ್ನಾನದ ದಿನ ಸೀಗೇಪುಡಿ ಕಣ್ಣಿಗೆ ಬಿದ್ದು ಉರಿಯುತ್ತದಲ್ಲ, ಅದು ಅಲರ್ಜಿಯಲ್ಲ, ಯಾರ ಕಣ್ಣಿಗೆ ಬಿದ್ದರೂ ಆಗುವ ಕೆರಳಿಕೆ. ಆದರೂ ಈಗಾಗಲೇ ಬಿರುಕು ಬಿಟ್ಟಿರುವ ರೆಪ್ಪೆಗೆ ಸೀಗೇಪುಡಿ ಖಂಡಿತ ಸೌಮ್ಯವಲ್ಲ.

ರೆಪ್ಪೆಯ ಚರ್ಮ ಸುಮಾರು ಅರ್ಧ ಮಿಲಿಮೀಟರ್ ದಪ್ಪವಿದ್ದು, ದೇಹದಲ್ಲೇ ಅತ್ಯಂತ ತೆಳುವಾದದ್ದು. ಹೀಗಾಗಿ ಬೇರೆಲ್ಲೋ ಹಚ್ಚಿದ ವಸ್ತು, ಹಚ್ಚಿದ ಜಾಗದಲ್ಲಿ ಗುರುತೇ ಬಿಡದೆ, ಕೈಯ ಮೂಲಕ ಇಲ್ಲಿಗೆ ಬಂದು ಇಲ್ಲಿ ಮಾತ್ರ ಕಾಟ ಕೊಡಬಹುದು. ಉಗುರುಬಣ್ಣದ ರಾಳ ಇದಕ್ಕೆ ಪ್ರಸಿದ್ಧ ಉದಾಹರಣೆ. ಬೆರಳು ಚೆನ್ನಾಗಿಯೇ ಇರುತ್ತದೆ, ರೆಪ್ಪೆ ಊದಿಕೊಳ್ಳುತ್ತದೆ. ತಲೆಗೂದಲ ಕಪ್ಪು ಬಣ್ಣದಲ್ಲಿರುವ ಪ್ಯಾರಾಫಿನೈಲಿನ್‌ಡೈಅಮೀನ್, ಅಂದರೆ ಪಿಪಿಡಿ, ಇನ್ನೊಂದು. ಬಣ್ಣ ನೀವು ಹಚ್ಚಿಕೊಳ್ಳಬೇಕೆಂದೂ ಇಲ್ಲ, ಯಜಮಾನರು ಹಚ್ಚಿಕೊಂಡಿದ್ದರೂ ದಿಂಬಿನ ಮೂಲಕ ನಿಮಗೆ ತಾಗಬಹುದು. ನಮ್ಮ ಕಡೆ ಮರೆಯಬಾರದ ಮತ್ತೊಂದು ಕಾಂಗ್ರೆಸ್ ಗಿಡ; ಅದರ ಒಣ ಚೂರುಗಳು ಗಾಳಿಯಲ್ಲಿ ಹಾರಿ ರೆಪ್ಪೆ, ಕುತ್ತಿಗೆಗಳನ್ನು ಕಾಡುತ್ತವೆ.

ನಿಮ್ಮ ಡ್ರಾಪ್ಸ್ ಬಗ್ಗೆ ನನಗೆ ಹೆಚ್ಚು ಆತಂಕವಿದೆ. ಹಾಕಿದೊಡನೆ ಹಾಯೆನಿಸಿ, ಬಿಟ್ಟೊಡನೆ ಮರಳುವ ಲಕ್ಷಣ ಸ್ಟೀರಾಯ್ಡ್ ಇರುವ ಡ್ರಾಪ್ಸ್‌ನದ್ದಾಗಿರಬಹುದು. ಚೀಟಿಯಿಲ್ಲದೆ ಅದನ್ನು ತಿಂಗಳುಗಟ್ಟಲೆ ಹಾಕಿದರೆ ಕೆಲವರಲ್ಲಿ ಕಣ್ಣಿನೊಳಗಿನ ಒತ್ತಡ ನೋವಿಲ್ಲದೆ ಏರಿ, ಕಣ್ಣಿನ ನರ ಹಾಳಾಗುವ ಗ್ಲಾಕೋಮಾ ಆಗುತ್ತದೆ, ಪೊರೆಯೂ ಬರಬಹುದು. ಬಾಟಲಿಯ ಹೆಸರನ್ನು ನೇತ್ರವೈದ್ಯರಿಗೆ ತೋರಿಸಿ, ಒತ್ತಡವನ್ನು ಅಳೆಯಿಸಿಕೊಳ್ಳಿ. ಸ್ಟೀರಾಯ್ಡ್ ಇಲ್ಲದ ಅನೇಕ ಡ್ರಾಪ್ಸ್‌ಗಳಲ್ಲೂ ಬೆನ್ಜಾಲ್ಕೋನಿಯಂ ಕ್ಲೋರೈಡ್ ಎಂಬ ಸಂರಕ್ಷಕವಿದ್ದು, ದೀರ್ಘಕಾಲ ಬಳಸಿದರೆ ಅದೇ ಕಣ್ಣನ್ನು ಒಣಗಿಸಿ ಕೆರಳಿಸಬಲ್ಲದು. ಡ್ರಾಪ್ಸ್ ಬೇಕೇಬೇಕೆಂದಾದರೆ, ಒಂದು ಸಲಕ್ಕಷ್ಟೇ ಆಗುವ ಪುಟ್ಟ ಕೊಳವೆಗಳಲ್ಲಿ ಬರುವ ಸಂರಕ್ಷಕರಹಿತ ಬಗೆಯನ್ನು ವೈದ್ಯರಲ್ಲಿ ಕೇಳಬಹುದು.

ದೂರದೂರಿನವಳು

ನಾನು ಜರ್ಮನಿಯಲ್ಲಿರುವ ಧಾರವಾಡದವಳು. ಹೊಸದಾಗಿ ಬಣ್ಣ ಬಳಿದ ಮನೆಗೆ ಬಂದ ವಾರದಲ್ಲೇ ನನ್ನ ರೆಪ್ಪೆಗಳು ಊದಿಕೊಂಡವು. ಅನುಮಾನದ ವಸ್ತುಗಳನ್ನು ಚರ್ಮಕ್ಕೆ ಅಂಟಿಸಿ ನೋಡುವ ಪ್ಯಾಚ್ ಟೆಸ್ಟ್‌ನಲ್ಲಿ ತಿಳಿದ ಕಾರಣ ಮೀಥೈಲ್‌ಐಸೋಥಯಾಜೋಲಿನೋನ್, ಅಂದರೆ ಎಂಐ ಎಂಬ ಸಂರಕ್ಷಕ. ನೀರು ಬೆರೆತ ಗೋಡೆಬಣ್ಣದಲ್ಲಿ ಹಾಕುವ ಇದು, ಗೋಡೆಯನ್ನು ಮುಟ್ಟದಿದ್ದರೂ ಗಾಳಿಯಲ್ಲೇ ಮುಖಕ್ಕೆ ತಲುಪುತ್ತದೆ. ಪಾತ್ರೆ ತೊಳೆಯುವ ಲಿಕ್ವಿಡ್, ಶಾಂಪೂ, ನೆಲ ಒರೆಸುವ ದ್ರಾವಣಗಳಲ್ಲೂ ಇರಬಹುದು. ಚರ್ಮದ ಮೇಲೆಯೇ ಉಳಿಯುವ ಸೌಂದರ್ಯವರ್ಧಕಗಳಲ್ಲಿ ಯುರೋಪಿಯನ್ ಒಕ್ಕೂಟ ಇದನ್ನು 2017ರಿಂದ ನಿಷೇಧಿಸಿದೆ; ತೊಳೆದು ಹೋಗುವ ವಸ್ತುಗಳಲ್ಲಿ ಹತ್ತು ಲಕ್ಷಕ್ಕೆ 15 ಭಾಗ ಮಾತ್ರ ಇರಬಹುದು.

ಇಷ್ಟೆಲ್ಲ ಹೇಳಲು ಕಾರಣ ನಿಮ್ಮ ಪ್ರಶ್ನೆಯ ಒಂದು ಸಾಲು. ಕಣ್ಣಿನ ಸುತ್ತ ಏನನ್ನೂ ಹಚ್ಚುತ್ತಿಲ್ಲ ಎಂದಿರಿ, ಅದರ ಬೆನ್ನಿಗೇ ವೆಟ್ ವೈಪ್ಸ್ ಎಂದಿರಿ. ಒರೆಸುವುದೂ ಹಚ್ಚುವುದೇ ಅಲ್ಲವೇ? ಆ ಬಟ್ಟೆಯನ್ನು ಒದ್ದೆಯಾಗಿಟ್ಟಿರುವ ದ್ರವ ಕೆಡದಿರಲು ಸಂರಕ್ಷಕ ಬೇಕೇಬೇಕು, ಒರೆಸಿದ ಮೇಲೆ ಯಾರೂ ತೊಳೆಯದ ಕಾರಣ ಅದು ಚರ್ಮದ ಮೇಲೆಯೇ ಉಳಿಯುತ್ತದೆ. ಮಗುವಿನದೆಂಬ ಕಾರಣಕ್ಕೆ ನಿರಪಾಯವೆಂದು ನಂಬಬೇಡಿ. ಪೊಟ್ಟಣದ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿ. ಮೊಬೈಲಿನಲ್ಲಿ ಫೋಟೋ ತೆಗೆದು ಹಿಗ್ಗಿಸಿದರೆ ಸುಲಭ. ಸುಗಂಧದ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ: ‘ಅನ್‌ಸೆಂಟೆಡ್’ ಎಂದು ಬರೆದಿದ್ದರೂ ಮೂಲ ವಾಸನೆಯನ್ನು ಮರೆಮಾಡಲು ಸುಗಂಧ ಸೇರಿಸಿರಬಹುದು, ಆದ್ದರಿಂದ ‘ಫ್ರೇಗ್ರನ್ಸ್ ಫ್ರೀ’ ಎಂದಿರುವುದನ್ನೇ ಹುಡುಕಬೇಕು. ಖಚಿತವಾಗಿ ತಿಳಿಯಲು ಚರ್ಮರೋಗ ತಜ್ಞರಲ್ಲಿ ಪ್ಯಾಚ್ ಟೆಸ್ಟ್ ಮಾಡಿಸಿ.

ತುಂಗಾತೀರ

ಎಲ್ಲರಿಗೂ ಕೃತಜ್ಞತೆಗಳು. ಮೂರು ವಾರ ತಡವಾಗಿ ಬರೆಯುತ್ತಿದ್ದೇನೆ. ಡ್ರಾಪ್ಸ್‌ನಲ್ಲಿ ಸ್ಟೀರಾಯ್ಡ್ ಇತ್ತು; ಕಣ್ಣಿನ ಒತ್ತಡ ಸರಿಯಾಗಿದೆ ಎಂದು ನೇತ್ರವೈದ್ಯರು ಹೇಳಿದ ಮೇಲೆ ಸಮಾಧಾನವಾಯಿತು. ವೈಪ್ಸ್ ಪೊಟ್ಟಣವನ್ನು ಮಗಳ ಕೈಗೆ ಕೊಟ್ಟು ಓದಿಸಿದೆ. ಎಂಐಯ ಆ ಉದ್ದನೆಯ ಹೆಸರು ಕೊನೆಯಿಂದ ಎರಡನೆಯ ಸಾಲಿನಲ್ಲಿತ್ತು. ಅಂದಿನಿಂದ ಹಳೆಯ ಹತ್ತಿಸೀರೆಯ ತುಂಡನ್ನು ಬರೀ ನೀರಿನಲ್ಲಿ ಅದ್ದಿ ಒರೆಸಿಕೊಳ್ಳುತ್ತಿದ್ದೇನೆ, ಸೀಗೇಪುಡಿಯನ್ನೂ ಬಿಟ್ಟಿದ್ದೇನೆ.

ಪ್ಯಾಚ್ ಟೆಸ್ಟ್ ಕಳೆದ ವಾರ ಆಯಿತು. ಸೋಮವಾರ ಬೆನ್ನಿಗೆ ಪಟ್ಟಿ ಅಂಟಿಸಿ, ಎರಡು ದಿನ ನೀರು ತಾಗಿಸದೆ ಇಟ್ಟು, ಬುಧವಾರ ತೆಗೆದು ನೋಡಿ, ಶುಕ್ರವಾರ ಮತ್ತೆ ನೋಡಿದರು. ಬೇಸಿಗೆಯಲ್ಲಿ ಎರಡು ದಿನ ಬೆನ್ನು ತೊಳೆಯದಿರುವುದು ಸಣ್ಣ ಶಿಕ್ಷೆಯಲ್ಲ. ಬುಧವಾರ ತುಸು ಕೆಂಪಾಗಿದ್ದ ಎಂಐ ಚುಕ್ಕೆ ಶುಕ್ರವಾರ ಗುಳ್ಳೆಗಳಾಗಿ ಎದ್ದಿತ್ತು. ಪಿಪಿಡಿ ಚುಕ್ಕೆಯಲ್ಲಿ ಏನೂ ಕಾಣದ ಕಾರಣ ನಮ್ಮ ಯಜಮಾನರು ನಿರಪರಾಧಿಯಾದರು. ಸುಗಂಧದ ಫಲಿತಾಂಶ ಸಂದೇಹಾಸ್ಪದವಾಗಿರುವುದರಿಂದ, ನನ್ನ ಫೇಸ್ ಕ್ರೀಮನ್ನು ಮೊಣಕೈಯ ಒಳಮಡಿಕೆಯಲ್ಲಿ ದಿನಕ್ಕೆರಡು ಬಾರಿಯಂತೆ ಒಂದು ವಾರ ಹಚ್ಚಿ ನೋಡಬೇಕೆಂದಿದ್ದಾರೆ. ಇಂದಿಗೆ ನಾಲ್ಕನೆಯ ದಿನ.

ರೆಪ್ಪೆಯ ಊತ ಪೂರ್ತಿ ಇಳಿದಿದೆ, ಒಣಚರ್ಮ ಇನ್ನೂ ಸ್ವಲ್ಪ ಉಳಿದಿದೆ. ಪಾತ್ರೆ ತೊಳೆಯುವ ಲಿಕ್ವಿಡ್‌ನಲ್ಲೂ ಅದೇ ಹೆಸರು ಸಿಕ್ಕಿದ್ದರಿಂದ ಅದನ್ನು ಬಿಟ್ಟು ಸೋಪಿನ ಬಿಲ್ಲೆ ತಂದಿದ್ದೇವೆ. ಅಕ್ಕನಿಗೂ ವಿಷಯ ತಿಳಿಸಿದೆ. ಮೊಮ್ಮಗುವಿಗೆ ಏನೂ ಆಗಿಲ್ಲವಾದರೂ ಅವರ ಮನೆಯಲ್ಲೂ ಈಗ ಹತ್ತಿಬಟ್ಟೆ ಬಂದಿದೆ.