ಜೈಲಲ್ಲಿ ಕಳೆದ ವರ್ಷಗಳಿಗೆ ಪರಿಹಾರ ಸಿಗುತ್ತಾ? ವಕೀಲರನ್ನು ಕೇಳಿ

ತಿಪಟೂರು ಸದಸ್ಯೆ: ಸರ್, ನಮ್ಮಣ್ಣನಿಗೆ ಕೊಲೆ ಕೇಸಲ್ಲಿ ಜೀವಾವಧಿ ಆಗಿತ್ತು. ಏಳು ವರ್ಷ ಒಳಗಿದ್ದ. ಹೈಕೋರ್ಟ್ ಖುಲಾಸೆ ಮಾಡಿ ಹತ್ತು ತಿಂಗಳಾಯಿತು. ದಿನಕ್ಕೆ ಇಷ್ಟು ಅಂತ ಸರ್ಕಾರ ಪರಿಹಾರ ಕೊಡುತ್ತದಂತೆ, ವಾಟ್ಸಾಪ್‌ನಲ್ಲಿ ಬಂದಿತ್ತು. ಅರ್ಜಿ ಎಲ್ಲಿ ಕೊಡಬೇಕು?

ವಕೀಲರು: ಅಂಥ ಅರ್ಜಿಯೇ ಇಲ್ಲಮ್ಮ. ಇದಕ್ಕೆ ಕಾಯ್ದೆ ಮಾಡಿ ಎಂದು ಕಾನೂನು ಆಯೋಗ 2018ರಲ್ಲೇ 277ನೇ ವರದಿ ಕೊಟ್ಟಿತು. ಕಾಯ್ದೆ ಬರಲಿಲ್ಲ. ಆದರೆ ನಿಮ್ಮ ಹತ್ತು ತಿಂಗಳು ನೋಡಿ ಗಾಬರಿಯಾಯಿತು. ದುರುದ್ದೇಶದಿಂದ ಕೇಸ್ ನಡೆಸಿದರು ಎಂದು ನಷ್ಟ ಕೇಳುವ ಸಿವಿಲ್ ದಾವೆಗೆ ಖುಲಾಸೆಯಾದ ದಿನದಿಂದ ಒಂದೇ ವರ್ಷ ಅವಕಾಶ. ಸರ್ಕಾರದ ಮೇಲೆ ಹೂಡುವುದಾದರೆ ಮೊದಲು ಸಿಪಿಸಿ (ಸಿವಿಲ್ ಪ್ರಕ್ರಿಯಾ ಸಂಹಿತೆ) ಸೆಕ್ಷನ್ 80ರ ನೋಟಿಸ್ ಕೊಟ್ಟು ಎರಡು ತಿಂಗಳು ಕಾಯಬೇಕು. ಆ ಎರಡು ತಿಂಗಳು ಒಂದು ವರ್ಷದ ಲೆಕ್ಕಕ್ಕೆ ಸೇರುವುದಿಲ್ಲ. ಆದರೆ ನೋಟಿಸ್ ವರ್ಷದೊಳಗೇ ಹೋಗಬೇಕು. ತೀರ್ಪಿನ ಸರ್ಟಿಫೈಡ್ ಕಾಪಿ ಇದೆಯಾ? ಸಂಶಯದ ಲಾಭ ಕೊಟ್ಟು, ಅಂದರೆ ಆರೋಪ ಖಚಿತವಾಗಿ ಸಾಬೀತಾಗಲಿಲ್ಲ ಅಂತ ಬಿಟ್ಟಿದ್ದಾರಾ, ಪೊಲೀಸರು ಸಾಕ್ಷಿ ಸೃಷ್ಟಿಸಿದ್ದಾರೆ ಅಂತ ಬರೆದಿದ್ದಾರಾ? ಬರೀ ಸಂಶಯದ ಲಾಭ ಆಗಿದ್ದರೆ ದುರುದ್ದೇಶ ತೋರಿಸುವುದು ಬಹಳ ಕಷ್ಟ. ಮೂಲಭೂತ ಹಕ್ಕಿಗೆ ಧಕ್ಕೆಯಾಯಿತು ಎಂದು ನೇರವಾಗಿ ಹೈಕೋರ್ಟಿಗೆ ರಿಟ್ ಅರ್ಜಿ ಹಾಕುವ ದಾರಿಯೂ ಇದೆ. ಬಿಹಾರದ ರುದುಲ್ ಸಾಹ ಖುಲಾಸೆಯಾದ ಮೇಲೂ 14 ವರ್ಷ ಜೈಲಲ್ಲಿದ್ದರು. 1983ರಲ್ಲಿ ಸುಪ್ರೀಂ ಕೋರ್ಟ್ ಅವರಿಗೆ ಒಟ್ಟು 35,000 ರೂಪಾಯಿ ಕೊಡಿಸಿತು. ಅಷ್ಟೇ.

ಮಂಡ್ಯ ಸದಸ್ಯ: ಬೇಹುಗಾರಿಕೆ ಅಂತ ಸುಳ್ಳು ಕೇಸ್ ಹಾಕಿದ್ದ ಇಸ್ರೋ ವಿಜ್ಞಾನಿ ನಂಬಿ ನಾರಾಯಣನ್ ಅವರಿಗೆ 50 ಲಕ್ಷ ಸಿಗಲಿಲ್ವಾ?

ಬೆಂಗಳೂರು ಸದಸ್ಯ: ಅವರಿಗೆ ಶಿಕ್ಷೆಯೇ ಆಗಿರಲಿಲ್ಲ ಸ್ವಾಮಿ. ಬಂಧನವೇ ತಪ್ಪು ಅಂತ ಕೊಟ್ಟಿದ್ದು.

ಮಂಡ್ಯ ಸದಸ್ಯ: ಕುಶಾಲನಗರ ಕಡೆಯ ಬಡವನಿಗೆ? ಹೆಂಡತಿಯನ್ನು ಕೊಂದ ಅಂತ ಒಳಗೆ ಹಾಕಿದರು. 2025ರಲ್ಲಿ ಆಕೆ ಮಡಿಕೇರಿಯಲ್ಲಿ ಜೀವಂತ ಸಿಕ್ಕಳು! ಮೈಸೂರು ಕೋರ್ಟ್ ಕೊಡಿಸಿದ್ದು 1 ಲಕ್ಷ.

ಬೆಂಗಳೂರು ಸದಸ್ಯ: ಅವರೂ ವಿಚಾರಣಾಧೀನ ಕೈದಿ. ಶಿಕ್ಷೆ ಆಗಿರಲಿಲ್ಲ.

ಮಂಡ್ಯ ಸದಸ್ಯ: ಒಳಗೆ ಕೂತವನಿಗೆ ಯಾವುದಾದರೇನ್ರಿ? ನೀವೇನು ಸರ್ಕಾರಿ ವಕೀಲರಾ?

ದಾವಣಗೆರೆ ಸದಸ್ಯ: ಸರ್, ಪರಿಹಾರದ ಅರ್ಜಿ ಎಲ್ಲಿ ಸಿಗುತ್ತೆ?

ವಕೀಲರು: ಇಲ್ಲ. ಮೇಲೆ ಓದಿ.

ಹಾಸನ ಸದಸ್ಯ: ಸುಳ್ಳು ಕಂಪ್ಲೇಂಟ್ ಕೊಟ್ಟವರಿಂದ ವಸೂಲಿ ಮಾಡಬಹುದಾ?

ವಕೀಲರು: ಕಾರಣವಿಲ್ಲದೆ ಬಂಧನ ಮಾಡಿಸಿದವರಿಂದ ಮ್ಯಾಜಿಸ್ಟ್ರೇಟ್ ಕೊಡಿಸಬಹುದಾದದ್ದು ಹೆಚ್ಚೆಂದರೆ 1,000 ರೂಪಾಯಿ. ಹೌದು, ಸಾವಿರ.

ಶಿರಸಿ ಸದಸ್ಯ: ತಪ್ಪು ತೀರ್ಪು ಕೊಟ್ಟ ಜಡ್ಜ್ ಮೇಲೆ ಕೇಸ್ ಹಾಕಬಹುದಾ?

ದಾವಣಗೆರೆ ಸದಸ್ಯ: (ಫಾರ್ವರ್ಡ್) ಈ ಫಾರಂ ಡಿಸಿ ಆಫೀಸಿಗೆ ಕೊಟ್ಟರೆ 30 ದಿನದಲ್ಲಿ ಹಣ. ಎಲ್ಲರಿಗೂ ಕಳಿಸಿ.

ವಕೀಲರು: ಅಳಿಸಿ ಇದನ್ನು. ಇಂಥದ್ದು ನಂಬಿ ಸುಮ್ನೆ ಕೂತವರ ಒಂದು ವರ್ಷ ಹಾಗೇ ಮುಗಿದುಹೋಗುತ್ತದೆ. ಫಾರಂಗೆ ದುಡ್ಡು ಕೇಳುವವರು ಬಂದರೆ ಬಾಗಿಲು ಹಾಕಿ.

ತಿಪಟೂರು ಸದಸ್ಯೆ: ಕಾಪಿ ತಗೊಂಡಿಲ್ಲ ಸರ್. ವಕೀಲರಿಗೆ ಕೊಡೋಕೆ ದುಡ್ಡೂ ಇಲ್ಲ.

ವಕೀಲರು: ನಾಳೆಯೇ ತುಮಕೂರಿನ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಆದಾಯ ಕಡಿಮೆ ಇದ್ದರೆ ವಕೀಲರು ಉಚಿತ. ಸಹಾಯವಾಣಿ 15100. ಖುಲಾಸೆಯಾದ ತಾರೀಕು ಎಷ್ಟು?

ಮಂಡ್ಯ ಸದಸ್ಯ: 1 ಲಕ್ಷ ನ್ಯಾಯವಾ ಅಂತ ಯಾರೂ ಹೇಳಲಿಲ್ಲ. ಎಲ್ಲರೂ ಬುದ್ಧಿವಂತರೇ.

ವಕೀಲರು: ಆ ಜಗಳ ಬೇರೆ ಕಡೆ ಇಟ್ಕೊಳ್ಳಿ. ತಿಪಟೂರಿನವರೇ, ತಾರೀಕು ಹೇಳಿ.